ಹಳದಿ ಬಲ್ಬಿನ ಬಗ್ಗೆ ಏನೇ ಇದ್ದರೂ ಕೇಳಿ: ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ವೈರಿಂಗ್ ಅಣ್ಣ: ಈ ವಾರ ಹಳೇ ಹಳದಿ ಬಲ್ಬು. ತಂತಿ ಕಾದು ಬೆಳಗುವಂಥದ್ದು, ಎಲ್‌ಇಡಿ ಅಲ್ಲ. ಕೇಳಿ. ಫಾರ್ವರ್ಡ್ ಹಾಕಬೇಡಿ.

ತಿಪಟೂರು ಹುಡುಗ: ಅಣ್ಣ, ಉರಿಯುವಾಗ ಏನೂ ಆಗಲ್ಲ, ಸ್ವಿಚ್ ಹಾಕಿದ ತಕ್ಷಣ ಟಪ್ ಅಂತ ಹೋಗುತ್ತದೆ. ಯಾಕೆ?

ವೈರಿಂಗ್ ಅಣ್ಣ: ಒಳಗಿರುವ ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಕರೆಂಟನ್ನು ಅಷ್ಟಾಗಿ ತಡೆಯುವುದಿಲ್ಲ. 100 ವ್ಯಾಟ್ ಬಲ್ಬು ಉರಿಯುವಾಗ ಆ ತಡೆ ಸುಮಾರು 530 ಓಮ್. ತಣ್ಣಗಿದ್ದಾಗ ಮೀಟರ್ ಇಟ್ಟು ನೋಡಿ, 40ರ ಆಸುಪಾಸು ತೋರಿಸುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಕ್ಷಣ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ನುಗ್ಗುತ್ತದೆ. ತಂತಿ ಎಲ್ಲಿ ಸವೆದಿದೆಯೋ ಅಲ್ಲೇ ಕರಗಿ ತುಂಡಾಗುತ್ತದೆ.

ಅಡುಗೆಮನೆ ಅಕ್ಕ: ಗಾಜು ಒಳಗಡೆ ಕಪ್ಪಾಗುವುದು?

ವೈರಿಂಗ್ ಅಣ್ಣ: ತಂತಿ 2500 ಡಿಗ್ರಿ ಹತ್ತಿರ ಕಾಯುತ್ತದೆ ಅಕ್ಕ. ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟುತ್ತದೆ. ಅದು ನಿಧಾನವಾಗಲಿ ಅಂತಲೇ ಆರ್ಗಾನ್, ನೈಟ್ರೋಜನ್ ತುಂಬಿರುತ್ತಾರೆ. ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಬಿಸಾಡಿ.

ಕೋಳಿಫಾರಂ: ಸರ್, ಮರಿಗಳಿಗೆ ಹಳದಿ ಬಲ್ಬು ಸಿಗ್ತಿಲ್ಲ, ಎಲ್‌ಇಡಿ ಹಾಕಲಾ?

ವೈರಿಂಗ್ ಅಣ್ಣ: ಬೇಡ. ಹಳದಿ ಬಲ್ಬಿನಲ್ಲಿ 100 ವ್ಯಾಟಿಗೆ ಬೆಳಕಾಗುವುದು 5 ವ್ಯಾಟಿನಷ್ಟು, ಮಿಕ್ಕಿದ್ದೆಲ್ಲ ಶಾಖ. ಮರಿಗೆ ಬೇಕಿರುವುದು ಆ ಶಾಖ. ಕೆಳಗಿನ ಹೊಟ್ಟಿಗೆ ತಾಗದಂತೆ ಕಟ್ಟಿ, ಬೆಂಕಿ ಹತ್ತುತ್ತದೆ.

ಸಾಗರದ ಶಾರದಮ್ಮ: ನಮ್ಮದು ತ್ರೀ ಫೇಸ್ ಮನೆ. ನಿನ್ನೆಯಿಂದ ಮಿಕ್ಸಿ ಹಾಕಿದರೆ ದೇವರಮನೆ ಬಲ್ಬು ಬೆಳ್ಳಗೆ ಜೋರಾಗಿ ಉರಿಯುತ್ತದೆ, ಅಡುಗೆಮನೆಯದ್ದು ಮಂಕಾಗುತ್ತದೆ. ಬಲ್ಬು ಬದಲಾಯಿಸಿದೆ, ಹಾಗೇ ಇದೆ.

ವೈರಿಂಗ್ ಅಣ್ಣ: ಅಮ್ಮ, ಬಲ್ಬಿನ ತಪ್ಪಲ್ಲ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಬಿಟ್ಟಿದೆ ಅನಿಸುತ್ತದೆ, ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ. ನ್ಯೂಟ್ರಲ್ ಸರಿ ಇದ್ದರೆ ಪ್ರತಿ ಫೇಸಿಗೂ 230 ವೋಲ್ಟ್. ಅದು ಬಿಟ್ಟರೆ ಎರಡು ಫೇಸಿನ ನಡುವಿನ 400 ವೋಲ್ಟನ್ನು ಮಿಕ್ಸಿ, ಬಲ್ಬು ಹಂಚಿಕೊಳ್ಳಬೇಕಾಗುತ್ತದೆ. ಜಾಸ್ತಿ ಲೋಡ್ ಇರುವ ಕಡೆ ವೋಲ್ಟೇಜ್ ಬೀಳುತ್ತದೆ, ಬರೀ ಒಂದು ಬಲ್ಬು ಇರುವ ಕಡೆ ಏರುತ್ತದೆ, 300 ದಾಟಿದರೂ ಆಶ್ಚರ್ಯವಿಲ್ಲ. ಇವತ್ತು ಬಲ್ಬು ಬೆಳ್ಳಗೆ ಉರಿದು ಸುಳಿವು ಕೊಟ್ಟಿದೆ, ಆ ಫೇಸಿನಲ್ಲಿ ಫ್ರಿಜ್, ಟಿವಿ ಇದ್ದರೆ ಸುಳಿವೇ ಕೊಡದೆ ಸುಟ್ಟು ಹೋಗುತ್ತವೆ. ಈಗಲೇ ಮೇನ್ ಆಫ್ ಮಾಡಿ. ಪ್ಲಗ್ ಎಲ್ಲ ಕಿತ್ತಿಡಿ. ಲೈನ್‌ಮನ್‌ಗೆ ಫೋನ್ ಮಾಡಿ "ನ್ಯೂಟ್ರಲ್ ನೋಡಿ" ಅಂತಲೇ ಹೇಳಿ. ಬೋರ್ಡ್ ಬಿಚ್ಚಬೇಡಿ.

ಸ್ವದೇಶಿ ಗೆಳೆಯ: ಫಾರ್ವರ್ಡ್ ಬಂದಿತ್ತು: ನ್ಯೂಟ್ರಲ್ ಹೋದರೆ ಅರ್ತ್ ವೈರಿಗೆ ಕೊಡಿ, ಅರ್ತ್ ಗುಂಡಿಯೊಳಗೆ ಉಪ್ಪುನೀರು ಹಾಕಿ, ಬಲ್ಬು ಉರಿಯುತ್ತೆ.

ವೈರಿಂಗ್ ಅಣ್ಣ: ಉರಿಯುತ್ತದೆ. ಜೊತೆಗೆ ಫ್ರಿಜ್ ಬಾಗಿಲು, ಗೀಸರ್, ನಲ್ಲಿ ಎಲ್ಲದರಲ್ಲೂ ಕರೆಂಟ್ ಬರಬಹುದು. ಮುಟ್ಟಿದವರು ಸಾಯಬಹುದು. ಶಾರದಮ್ಮ, ದಯವಿಟ್ಟು ಮಾಡಬೇಡಿ. ಗೆಳೆಯರೇ, ನೀವು ಆ ಮೆಸೇಜ್ ಅಳಿಸಿ.

ಸ್ವದೇಶಿ ಗೆಳೆಯ: ಎಷ್ಟೋ ಜನ ಮಾಡ್ತಾರೆ.

ವೈರಿಂಗ್ ಅಣ್ಣ: ಅಳಿಸಿ.

ಹಾಸನ ಸ್ಟೋರ್ಸ್: ಕಂಪನಿಗಳದ್ದೇ ಮೋಸ. 1924ರಲ್ಲಿ ಜಿನೀವಾದಲ್ಲಿ ಕೂತು ಬಲ್ಬು 1000 ಗಂಟೆಗಿಂತ ಜಾಸ್ತಿ ಬಾಳಬಾರದು ಅಂತ ಒಪ್ಪಂದ ಮಾಡಿಕೊಂಡರು. ಅಮೆರಿಕದ ಲಿವರ್ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರ ಬಲ್ಬು ಇನ್ನೂ ಉರೀತಿದೆ!

ಫಿಸಿಕ್ಸ್ ಮೇಷ್ಟ್ರು: ಒಪ್ಪಂದ ನಿಜ. ಆದರೆ ಆ ಲಿವರ್ಮೋರ್ ಬಲ್ಬು ಕೆಲವೇ ವ್ಯಾಟಿನಲ್ಲಿ ಮಂಕಾಗಿ ಉರಿಯುತ್ತದೆ, ಅದರಲ್ಲಿ ಪುಸ್ತಕ ಓದೋಕಾಗಲ್ಲ. ತಂತಿ ತಣ್ಣಗಿದ್ದಷ್ಟು ಬಾಳಿಕೆ ಜಾಸ್ತಿ, ಬೆಳಕು ಕಡಿಮೆ. ವೋಲ್ಟೇಜ್ 5% ಏರಿದರೂ ಆಯುಷ್ಯ ಹೆಚ್ಚುಕಡಿಮೆ ಅರ್ಧ.

ಹಾಸನ ಸ್ಟೋರ್ಸ್: ಹಾಗಾದರೆ ಜಾಸ್ತಿ ಬಾಳುವ ಬಲ್ಬು ಮಾಡಿದವರಿಗೆ ದಂಡ ಯಾಕೆ ಹಾಕಿದರು? ಕಂಪನಿ ಪರ ವಕಾಲತ್ತು ಬೇಡ ಸಾರ್.

ಫಿಸಿಕ್ಸ್ ಮೇಷ್ಟ್ರು: ದುರಾಸೆ ಇರಲಿಲ್ಲ ಅಂದೆನಾ? ಓದಿ ಮಾತಾಡಿ.

ಹಾಸನ ಸ್ಟೋರ್ಸ್: ಓದಿದವರು ನೀವೊಬ್ಬರೇ.

ಅಡುಗೆಮನೆ ಅಕ್ಕ: ಓವನ್ ಒಳಗಿನ ಬಲ್ಬಿಗೆ ಎಲ್‌ಇಡಿ ಹಾಕಬಹುದಾ?

ಹೊಸ ಸದಸ್ಯ: ಸರ್, ಬಲ್ಬು ಸ್ವಿಚ್ ಹಾಕಿದಾಗಲೇ ಯಾಕೆ ಹೋಗುತ್ತೆ?

ವೈರಿಂಗ್ ಅಣ್ಣ: ಮೇಲೆ ಓದಿ.

ಸ್ವದೇಶಿ ಗೆಳೆಯ: ಹೋದ ಬಲ್ಬನ್ನು ಅಲ್ಲಾಡಿಸಿ ತಂತಿ ಸೇರಿಸಿದರೆ ಮತ್ತೆ ಉರಿಯುತ್ತೆ, ಇದಾದರೂ ನಿಜ ಅಲ್ವಾ?

ವೈರಿಂಗ್ ಅಣ್ಣ: ನಿಜ. ತಂತಿ ಗಿಡ್ಡವಾಗಿ ಕರೆಂಟ್ ಜಾಸ್ತಿ ಹರಿದು ಬೇಗ ಹೋಗುತ್ತದೆ. ಸುಮ್ನೆ ಹೊಸದು ತನ್ನಿ. ಮೇಷ್ಟ್ರೇ, ಸ್ಟೋರ್ಸಿನವರೇ, ನಿಮ್ಮ ಜಗಳ ಬೇರೆ ಕಡೆ. ಶಾರದಮ್ಮ, ಮೇನ್ ಆಫ್ ಮಾಡಿದಿರಾ? ಅದೊಂದು ಹೇಳಿ.

ಸಾಗರದ ಶಾರದಮ್ಮ: ಮಾಡಿದೆ. ಲೈನ್‌ಮನ್ ಸಂಜೆ ಬರ್ತೀನಿ ಅಂದಿದ್ದಾರೆ. ಅಲ್ಲಿವರೆಗೆ ಒಂದೇ ಬಲ್ಬು ಹಾಕಿಕೊಳ್ಳಬಹುದಾ?

ವೈರಿಂಗ್ ಅಣ್ಣ: ಬೇಡ.