ಬೋಟಿನ ಇಂಜಿನ್ ಹೀಟ್ ಆಗ್ತಾ ಇದೆ, ಹೆಡ್ ಬಿಚ್ಚಲೇಬೇಕಾ?

ಮಲ್ಪೆ ದಕ್ಕೆ
ನಮ್ಮದು ಟ್ರಾಲ್ ಬೋಟು. ಆರು ಸಿಲಿಂಡರಿನ ಡೀಸೆಲ್ ಇಂಜಿನ್. ಒಳಗೆ ಕೂಲೆಂಟ್ ತಿರುಗುತ್ತದೆ, ಅದನ್ನು ಹೀಟ್ ಎಕ್ಸ್‌ಚೇಂಜರಿನಲ್ಲಿ ಕಡಲ ನೀರು ತಂಪು ಮಾಡುತ್ತದೆ. ಮೊನ್ನೆ ಮೀನು ತುಂಬಿಕೊಂಡು ವಾಪಸ್ ಬರುವಾಗ, ಕಾಪು ಲೈಟ್‌ಹೌಸಿನ ನೇರಕ್ಕೆ, ಮೀಟರಿನ ಮುಳ್ಳು ಹತ್ತುತ್ತಾ ಹತ್ತುತ್ತಾ 100 ದಾಟಿತು. ಬೋಟು ನಡೆಸುವ ತಾಂಡೇಲರು ಇಂಜಿನ್ ನಿಲ್ಲಿಸಿ ಲಂಗರು ಹಾಕಿಸಿದರು.

ತಣಿದ ಮೇಲೆ ಮುಚ್ಚಳ ತೆಗೆದರೆ ಕೂಲೆಂಟಿನ ಹೆಡರ್ ಟ್ಯಾಂಕ್ ಅರ್ಧ ಖಾಲಿ. ಕಡಲ ನೀರಿನ ಕಸ ತಡೆಯುವ ಸ್ಟ್ರೇನರ್ ಬಿಚ್ಚಿದರೆ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರ ಮೇಲೆ ಜೆಲ್ಲಿ ಫಿಶ್ ಲೋಳೆ. ಎಲ್ಲ ತೊಳೆದು ಮತ್ತೆ ಸ್ಟಾರ್ಟ್ ಮಾಡಿದೆವು. ಸ್ಲೋದಲ್ಲಿ 80ಕ್ಕೇ ನಿಲ್ಲುತ್ತದೆ. 1500 ಆರ್‌ಪಿಎಂ ದಾಟಿದರೆ ಮತ್ತೆ ಹತ್ತುತ್ತದೆ. ಹಾಗೇ ನಿಧಾನಕ್ಕೆ ಬಂದರು ಸೇರಿದೆವು.

ಇಲ್ಲಿನ ಮೆಕ್ಯಾನಿಕ್ ನೋಡಿದ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು’ ಅಂದರು. ಅಂದರೆ ಇಂಜಿನಿನ ತಲೆಭಾಗ ಬಿಚ್ಚಿ ಅದರಡಿಯ ಸೀಲ್ ಬದಲಿಸಬೇಕು. ಅಪ್ಪನೂ ಹೂಂ ಅಂದಿದ್ದಾರೆ. ಸೀಸನ್ ನಡುವೆ ಬೋಟು ಕಟ್ಟಿಹಾಕುವುದು ಅಂದರೆ ಗೊತ್ತಲ್ಲ. ಅದಕ್ಕೆ ಮೊದಲು ನಾನು ಎಂತ ನೋಡಬಹುದು?

ಬಂದರಿನ ಮೆಕ್ಯಾನಿಕ್, ಮಂಗಳೂರು
ಹೆಡ್ ಮುಟ್ಟಬೇಡಿ ಮಾರಾಯ್ರೆ, ಈಗಲೇ ಬೇಡ. ಸ್ಲೋದಲ್ಲಿ ಸರಿ, ಸ್ಪೀಡಿನಲ್ಲಿ ಬಿಸಿ ಅಂದರೆ ನಾನು ಮೊದಲು ನೋಡುವುದು ಕಡಲ ನೀರನ್ನು. ನೀರು ಬರ್ತಾ ಉಂಟು, ಸಾಕಾಗುವಷ್ಟು ಬರುವುದಿಲ್ಲ.

ಟ್ಯಾಂಕ್ ಖಾಲಿಯಾದದ್ದಕ್ಕೆ ಗ್ಯಾಸ್ಕೆಟ್ಟೇ ಕಾರಣ ಅಂತ ಹೇಳಲಿಕ್ಕೆ ಆಗುವುದಿಲ್ಲ. ಕೂಲೆಂಟ್ ಕುದಿದರೆ ಮುಚ್ಚಳದ ಸ್ಪ್ರಿಂಗ್ ಎತ್ತಿ ಓವರ್‌ಫ್ಲೋ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಗ್ಯಾಸ್ಕೆಟ್ ಅನುಮಾನ ಇದ್ದರೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಬರುತ್ತದಾ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಾಣುತ್ತದಾ? ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲವಾ? ಮೂರೂ ಇಲ್ಲದಿದ್ದರೆ ಹೆಡ್ ಬಿಚ್ಚಲಿಕ್ಕೆ ಅವಸರ ಎಂತದ್ದು?

ಆಮೇಲೆ ಕಡಲ ನೀರು ಹೊರಗೆ ಬೀಳುವ, ಬೋಟಿನ ಪಕ್ಕದ ಪೈಪಿಗೆ ಬಾಲ್ದಿ ಹಿಡಿಯಿರಿ. ಸ್ಲೋದಲ್ಲಿ ತುಂಬಲು ಎಷ್ಟು ಹೊತ್ತು, 1500ರಲ್ಲಿ ಎಷ್ಟು ಹೊತ್ತು, ಗಡಿಯಾರ ನೋಡಿ. ಸ್ಪೀಡ್ ಏರಿಸಿದರೂ ನೀರು ಏರದಿದ್ದರೆ ಪಂಪಿನ ಕವರ್ ಬಿಚ್ಚಿ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ಚಕ್ರ, ನೋಡಿ. ಮಳೆಗಾಲದ ಮೀನುಗಾರಿಕೆ ಬ್ಯಾನಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟು ಕಟ್ಟಿರುತ್ತೇವೆ ಅಲ್ವಾ. ಅಷ್ಟೂ ದಿನ ಆ ರಬ್ಬರಿನ ಎಲೆಗಳು ಒಂದೇ ಕಡೆ ಬಾಗಿ ಕೂತಿರುತ್ತವೆ. ಬುಡದಲ್ಲಿ ಬಿರುಕು ಬಿಡುತ್ತದೆ. ಆಗಸ್ಟಿನಲ್ಲಿ ಏನೂ ಆಗದ ಹಾಗೆ ತಿರುಗುತ್ತದೆ. ಸ್ಟ್ರೇನರ್ ಕಟ್ಟಿ ನೀರಿಲ್ಲದೆ ಓಡಿದ ದಿನ ಕಿತ್ತುಹೋಗುತ್ತದೆ. ನಾವು ಇಂಪೆಲ್ಲರನ್ನು ಬ್ಯಾನ್ ಸಮಯದಲ್ಲಿ ಬಿಚ್ಚಿಯೇ ಇಡುವುದು.

ಉಳ್ಳಾಲದವ
ಅಣ್ಣ ಹೇಳಿದ್ದು ಸರಿ. ಇನ್ನೊಂದು ಮಾತು. ಸ್ಟ್ರೇನರಿನಿಂದ ಪಂಪಿಗೆ ಹೋಗುವ ಹೋಸ್ ಮೇಲೆ ಕೈಯಿಟ್ಟುಕೊಂಡು ಸ್ಪೀಡ್ ಏರಿಸಲು ಹೇಳಿ. ಹಳೆ ಹೋಸ್ ಆದರೆ ಪಂಪ್ ಎಳೆಯುವ ಜೋರಿಗೆ ಚಪ್ಪಟೆಯಾಗುತ್ತದೆ. ಇಂಜಿನ್ ನಿಂತಾಗ ಮತ್ತೆ ದುಂಡಗೆ, ಯಾರಿಗೂ ಗೊತ್ತಾಗುವುದಿಲ್ಲ. ಬೋಟಿನಡಿಯ ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆಯ ತುಂಡು ಸುತ್ತಿದೆಯಾ ಅಂತಲೂ ನೋಡಿಸಿ. ಲೋಡ್ ಜಾಸ್ತಿಯಾದರೂ ಹೀಗೇ ಬಿಸಿಯಾಗುತ್ತದೆ.

ಮಲ್ಪೆ ದಕ್ಕೆ
ಗುಳ್ಳೆ ಇಲ್ಲ, ಆಯಿಲ್ ಕಪ್ಪಗೇ ಇದೆ, ಬಿಳಿ ಹೊಗೆಯೂ ಇಲ್ಲ. ಫ್ಯಾನ್ ಕ್ಲೀನ್. ಬಾಲ್ದಿ ಹಿಡಿದಾಗ ಮಾತ್ರ ನಗು ಬಂತು. ಸ್ಪೀಡ್ ಏರಿಸಿದರೂ ಹೆಚ್ಚುಕಡಿಮೆ ಅಷ್ಟೇ ನೀರು. ಇಂಪೆಲ್ಲರಿನಲ್ಲಿ ಎರಡು ಎಲೆಗಳೇ ಇಲ್ಲ! ಉಳಿದವು ಬುಡದಲ್ಲಿ ಸೀಳಿವೆ. ಒಂದು ಎಲೆಯ ತುಂಡು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕಪ್ಪೆಚಿಪ್ಪಿನ ಚೂರುಗಳ ಜೊತೆ ಟ್ಯೂಬ್‌ಗಳಿಗೆ ಅಡ್ಡ ಕೂತಿತ್ತು. ಹೊಸದು ಹಾಕಿ ಸಂಜೆಯೇ ಹೊರಡಬಹುದಾ?

ಬಂದರಿನ ಮೆಕ್ಯಾನಿಕ್, ಮಂಗಳೂರು
ಇನ್ನೊಂದು ತುಂಡು ಎಲ್ಲಿ? ಅದು ಸಿಗದೆ ಹೊರಡಬೇಡಿ. ಪಂಪಿನಿಂದ ನೀರು ಹೋಗುವ ದಾರಿಯಲ್ಲೇ ಇರುತ್ತದೆ. ನಿಮ್ಮದರಲ್ಲಿ ಹೀಟ್ ಎಕ್ಸ್‌ಚೇಂಜರಿಗಿಂತ ಮೊದಲು ಗೇರ್ ಆಯಿಲ್ ಕೂಲರ್ ಇದ್ದರೆ ಅದರ ಹೋಸ್ ಬಿಚ್ಚಿ. ಟ್ಯೂಬ್‌ಗಳ ಒಳಗೆ ಮರದ ಕಡ್ಡಿ ಹಾಕಿ ತಳ್ಳಿ, ಕಬ್ಬಿಣದ ಸರಳು ಬೇಡ. ತಾಮ್ರದ ಟ್ಯೂಬ್ ತೂತಾದರೆ ಕಡಲ ನೀರು ಕೂಲೆಂಟಿಗೆ ಸೇರುತ್ತದೆ, ಆಮೇಲೆ ಅದು ಬೇರೆಯೇ ಖರ್ಚು. ಹೊಸ ಇಂಪೆಲ್ಲರಿಗೆ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಗ್ಲಿಸರಿನ್ ಅಥವಾ ಸೋಪಿನ ನೀರು ಸಾಕು.

ಮಲ್ಪೆ ದಕ್ಕೆ
ಸಿಕ್ಕಿತು ಅಣ್ಣ, ಗೇರ್ ಆಯಿಲ್ ಕೂಲರಿನಲ್ಲೇ. ನೋಡಲು ಉಗುರಿನಷ್ಟು, ನೀರನ್ನು ಅರ್ಧಕ್ಕರ್ಧ ತಡೆದಿತ್ತು. ನಿನ್ನೆ ಸೇಂಟ್ ಮೇರೀಸ್ ದ್ವೀಪದವರೆಗೆ ಫುಲ್ ಸ್ಪೀಡಿನಲ್ಲಿ ಓಡಿಸಿದೆವು. ಮುಳ್ಳು 82ರಿಂದ ಅಲುಗಲಿಲ್ಲ. ಹೆಡ್ ಬಿಚ್ಚಲು ಹೇಳಿದವರು ಈಗ ಆ ಸುದ್ದಿಯೇ ಎತ್ತುವುದಿಲ್ಲ. ಪಂಪಿನ ಹೋಸ್ ಚಪ್ಪಟೆಯಾಗಲಿಲ್ಲ, ಆದರೆ ಒತ್ತಿದರೆ ಮೆತ್ತಗಿದೆ. ಅದನ್ನೂ ಬದಲಿಸು ಅಂತ ಅಪ್ಪ. ಮಾಮೂಲಿ ನೀರಿನ ಹೋಸ್ ಆಗುತ್ತದಾ?

ಉಳ್ಳಾಲದವ
ಬೇಡ. ಪಂಪ್ ಎಳೆಯುವ ಬದಿಗೆ ಒಳಗೆ ತಂತಿ ಸುತ್ತಿದ ಹೋಸೇ ಬೇಕು. ನೀರಿನ ಗೆರೆಗಿಂತ ಕೆಳಗಿನ ಜಾಯಿಂಟಿಗೆ ಸ್ಟೀಲ್ ಕ್ಲಿಪ್ ಎರಡೆರಡು ಹಾಕಿ. ಹಳೇ ಇಂಪೆಲ್ಲರ್ ಅಂಗಡಿಗೆ ತೆಗೆದುಕೊಂಡು ಹೋಗಿ, ಅದೇ ಅಳತೆಯದ್ದು ಇನ್ನೊಂದು ತಂದು ಬೋಟಿನಲ್ಲೇ ಇಡಿ.