ಅಪ್‌ಡೇಟ್: ಒಣದ್ರಾಕ್ಷಿ ತಿಂದಿದ್ದ ನಮ್ಮ ಚಿನ್ನು ಹುಷಾರಾಗಿದ್ದಾಳೆ

ಪಾಯಸಕ್ಕೆ ತೆಗೆದಿಟ್ಟ ಒಣದ್ರಾಕ್ಷಿಯನ್ನು ನಮ್ಮ ನಾಯಿ ಒಂದು ಹಿಡಿಯಷ್ಟು ತಿಂದುಬಿಟ್ಟಿದೆ, ಏನು ಮಾಡಲಿ ಅಂತ ಹೋದ ಭಾನುವಾರ ಕೇಳಿದ್ದೆ. ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಕೆಡಿಸಬಹುದು. ಆದರೆ ಚಿನ್ನು ಈಗ ಚೆನ್ನಾಗಿದ್ದಾಳೆ!

"ಲಕ್ಷಣ ಕಾಣಲಿ ಅಂತ ಕಾಯಬೇಡಿ, ಈಗಲೇ ಡಾಕ್ಟರ ಹತ್ತಿರ ಓಡಿ" ಅಂದವರಿಗೆ ಕೈಮುಗಿಯುತ್ತೇನೆ. ಅವಳು ಉಳಿದದ್ದು ಅದರಿಂದಲೇ. ತಿಂದು ಒಂದೂವರೆ ಗಂಟೆಯೊಳಗೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ದ್ರಾಕ್ಷಿ ಉಬ್ಬಿಕೊಂಡು ಹಾಗೇ ಹೊರಗೆ ಬಂತು. ಆಮೇಲೆ ಎರಡು ದಿನ ಡ್ರಿಪ್. ಕಿಡ್ನಿಗೆ ಪೆಟ್ಟು ಬಿದ್ದಿದೆಯಾ ಅಂತ ಮೂರು ದಿನ ರಕ್ತ ಪರೀಕ್ಷೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಏರಲಿಲ್ಲ, ಸದ್ಯ.

ಉಪ್ಪುನೀರು ಕುಡಿಸಿ ಅಂತ ಇಬ್ಬರು ಹೇಳಿದ್ದರು. ಗಾಬರಿಯಲ್ಲಿ ಸ್ವಲ್ಪ ಕುಡಿಸಿದೆ. ವಾಂತಿ ಬರಲಿಲ್ಲ. ಡಾಕ್ಟರ್ ಚೆನ್ನಾಗಿ ಬೈದರು. ನಾಯಿಗೆ ಉಪ್ಪು ಜಾಸ್ತಿಯಾದರೆ ಅದೇ ವಿಷವಂತೆ. ದಯವಿಟ್ಟು ಮಾಡಬೇಡಿ.

ನನಗೆ ಗೊತ್ತೇ ಇಲ್ಲದ ವಿಷಯ ಇನ್ನೊಂದಿದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ನಾಯಿಗಳ ಕಿಡ್ನಿ ಕೆಡಿಸುತ್ತಿರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಜಾಸ್ತಿ ಇದೆ! ಚಿನ್ನುಗೆ ನಾವು ದಿನಾ ಸಾರನ್ನ ಕಲಸಿ ಹಾಕುತ್ತಿದ್ದೆವು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೇರೆ, ಅವು ನಾಯಿಯ ರಕ್ತಕ್ಕೇ ಕೆಟ್ಟದ್ದು. ಈಗ ಅಮ್ಮ ಒಗ್ಗರಣೆಗೆ ಮೊದಲೇ ಅವಳ ಪಾಲಿನ ಅನ್ನ, ಬೇಳೆ ಎತ್ತಿಡುತ್ತಾರೆ.