ಡಯಾಲಿಸಿಸ್, ಪೊಟ್ಯಾಸಿಯಂ, ಎದೆಬಡಿತ: ಕಿಡ್ನಿ ಡಾಕ್ಟರ್‌ಗೆ ಪ್ರಶ್ನೆಗಳು

ತುಮಕೂರು ಸದಸ್ಯೆ: ಮೇಡಂ, ಡಯಾಲಿಸಿಸ್ ಆಗ್ತಿರೋರಿಗೆ ಎಳನೀರು ಕೊಡಬಹುದಾ?

ಡಾಕ್ಟರ್: ಬೇಡ. ಪೊಟ್ಯಾಸಿಯಂ ಜಾಸ್ತಿ.

ಹಾವೇರಿ ಸದಸ್ಯ: ನಮ್ಮ ತಾಯಿಗೆ 58 ವರ್ಷ. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಹೋದ ಮಂಗಳವಾರ ಶುರುವಾಗೋ ಮುಂಚೆ ಪೊಟ್ಯಾಸಿಯಂ 6.8 ಇತ್ತು. ಕೊನೇ ಗಂಟೆಯಲ್ಲಿ ಎದೆ ಡವಡವ ಅಂತ ಹೊಡ್ಕೊಳ್ಳುತ್ತೆ ಅಂತಾರೆ. ಇವತ್ತು ಸೋಮವಾರ, ಬೆಳಗ್ಗೆಯಿಂದ ಕಾಲಲ್ಲಿ ಶಕ್ತಿನೇ ಇಲ್ವಂತೆ. ಬಿ.ಪಿ. ಇದೆ ಅಂತ ಸೋಡಿಯಂ ಕಡಿಮೆ ಇರೋ ಉಪ್ಪು ಬಳಸ್ತಿದ್ದೀವಿ.

ಡಾಕ್ಟರ್: ಇವತ್ತೇ ಇ.ಸಿ.ಜಿ. ಮಾಡಿಸಿ. ಉಳಿದದ್ದು ಆಮೇಲೆ ಓದಿ.

ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕು. ಕಿಡ್ನಿ ನಿಂತಮೇಲೆ ಅದು ಹೊರಗೆ ಹೋಗೋ ಮುಖ್ಯ ದಾರಿ ಡಯಾಲಿಸಿಸ್. ಶುಕ್ರವಾರದಿಂದ ಮಂಗಳವಾರದವರೆಗಿನ ಅಂತರ ಉದ್ದ, ಅದರ ಕೊನೆಯಲ್ಲೇ ಅಪಾಯ ಹೆಚ್ಚು. ಏರಿದಾಗ ಇ.ಸಿ.ಜಿ.ಯಲ್ಲಿ ಟಿ ಅಲೆ ಚೂಪಾಗಿ ಎದ್ದು ನಿಲ್ಲುತ್ತೆ, ಆಮೇಲೆ ಕ್ಯೂಆರ್‌ಎಸ್ (ಪ್ರತಿ ಬಡಿತದ ಎತ್ತರದ ಗೆರೆ) ಅಗಲ ಆಗುತ್ತೆ, ಕೊನೆಗೆ ಹೃದಯ ನಿಲ್ಲಬಹುದು. ಎಷ್ಟೋ ಜನಕ್ಕೆ ಮುನ್ಸೂಚನೆಯೇ ಇರಲ್ಲ. ನಿಮ್ಮ ತಾಯಿಗೆ ಕಾಲು ಸೋತಿದೆ, ಅದನ್ನ ಸುಸ್ತು ಅಂದ್ಕೋಬೇಡಿ.

ಕೊನೇ ಗಂಟೆಯ ಡವಡವ ಬೇರೆ ವಿಷಯ. ರಕ್ತದಲ್ಲಿ 6.8, ಮೆಷಿನ್ ದ್ರಾವಣದಲ್ಲಿ ಸಾಮಾನ್ಯವಾಗಿ 2. ಇಷ್ಟು ವ್ಯತ್ಯಾಸ ಇದ್ದಾಗ ಪೊಟ್ಯಾಸಿಯಂ ಸರ್ರನೆ ಇಳಿಯುತ್ತೆ, ಜೊತೆಗೆ ಕ್ಯಾಲ್ಸಿಯಂ ಬದಲಾಗುತ್ತೆ, ನೀರೂ ಹೊರಬರುತ್ತೆ. ಲಯ ತಪ್ಪೋಕೆ ಇದು ಸಾಕು. ದ್ರಾವಣದಲ್ಲಿ 1ಕ್ಕೆ ಇಳಿಸಿ ಅಂತ ಒತ್ತಾಯ ಮಾಡಬೇಡಿ, ಅದರಿಂದ ಇನ್ನೂ ಜೋರಾಗಿ ಇಳಿಯುತ್ತೆ. ಒಳಗೆ ಹೋಗೋದನ್ನ ಕಡಿಮೆ ಮಾಡಿ, ವಾರಕ್ಕೆ ಮೂರು ಸಲ ಆಗುತ್ತಾ ಅಂತ ನಿಮ್ಮ ಡಾಕ್ಟರನ್ನ ಕೇಳಿ. ಪೊಟ್ಯಾಸಿಯಂ ಏರಿಸೋ ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್, ಇಲ್ಲಾ ಹೃದಯದ ಲಯ ತಪ್ಪಿಸಬಹುದಾದ ಡಿಗಾಕ್ಸಿನ್, ಈ ಮಾತ್ರೆಗಳಲ್ಲಿ ಯಾವುದಾದರೂ ತಗೊಳ್ತಾರಾ? ನೀವಾಗಿ ನಿಲ್ಲಿಸಬೇಡಿ. ಉಪ್ಪಿನ ಪ್ಯಾಕೆಟ್ ಹಿಂದೆ ಏನಿದೆ ಓದಿ ಹೇಳಿ.

ಮಂಡ್ಯ ಸದಸ್ಯ: ಡಯಾಲಿಸಿಸ್ ಮುಗಿದ ತಕ್ಷಣ 3.4 ಬಂತು. ಬಾಳೆಹಣ್ಣು ತಿನ್ನಬಹುದಲ್ವಾ?

ಡಾಕ್ಟರ್: ಇಲ್ಲ. ಕೆಲವೇ ಗಂಟೆಗಳಲ್ಲಿ ಜೀವಕೋಶಗಳಿಂದ ರಕ್ತಕ್ಕೆ ಮತ್ತೆ ಬರುತ್ತೆ.

ಮೈಸೂರು ಸದಸ್ಯ: ಫಾರ್ವರ್ಡ್ ಬಂದಿದ್ದು: ಕೊತ್ತಂಬರಿ ಸೊಪ್ಪು ಕುದಿಸಿ, ಬಾಳೆದಿಂಡಿನ ರಸ ಸೇರಿಸಿ ಏಳು ದಿನ ಕುಡಿದರೆ ಕಿಡ್ನಿ ಕ್ಲೀನ್, ಡಯಾಲಿಸಿಸ್ ಬೇಕಾಗಲ್ಲ.

ಡಾಕ್ಟರ್: ದಯವಿಟ್ಟು ಅಳಿಸಿ. ಸೊಪ್ಪು ಬೇಯಿಸಿದ ನೀರಿಗೇ ಪೊಟ್ಯಾಸಿಯಂ ಇಳಿದಿರುತ್ತೆ. ಬಸಿದು ಚೆಲ್ಲಿ ಅಂತ ನಾವು ಹೇಳೋ ನೀರನ್ನ ನೀವು ಕುಡಿಸ್ತಿದ್ದೀರಿ.

ಮೈಸೂರು ಸದಸ್ಯ: ಆಯುರ್ವೇದ ಅಂದ್ರೆ ಅಲೋಪತಿಯವರಿಗೆ ಆಗಲ್ಲ.

ಕೋಲಾರ ಸದಸ್ಯೆ: ಸ್ವಾಮಿ, ಇಂಥದ್ದೇ ಕಷಾಯ ಕುಡಿದು ನಮ್ಮ ಮಾವ ಐಸಿಯು ಸೇರಿದ್ರು. ನಿಮ್ಮ ಪಾಂಡಿತ್ಯ ಮನೇಲಿಟ್ಕೊಳ್ಳಿ.

ಮೈಸೂರು ಸದಸ್ಯ: ನಿಮ್ಮ ಮಾವ ಬೇರೆ ಏನು ತಿಂದಿದ್ರೋ ಯಾರಿಗೆ ಗೊತ್ತು?

ಕೋಲಾರ ಸದಸ್ಯೆ: ಮಾತಾಡೋಕೆ ಒಂದು ಮಿತಿ ಇರಲಿ!

ಬಳ್ಳಾರಿ ಸದಸ್ಯ: ಕಿಡ್ನಿ ಕಸಿಗೆ ಒಟ್ಟು ಖರ್ಚು ಎಷ್ಟಾಗುತ್ತೆ ಮೇಡಂ?

ಪುತ್ತೂರು ಸದಸ್ಯೆ: ದಾರೆಹುಳಿ (ಸ್ಟಾರ್ ಫ್ರೂಟ್) ಉಪ್ಪಿನಕಾಯಿ ಸ್ವಲ್ಪ ಆದೀತಾ?

ಡಾಕ್ಟರ್: ಒಂದು ಹೋಳೂ ಬೇಡಮ್ಮ. ಪೊಟ್ಯಾಸಿಯಂ ಒಂದೇ ಅಲ್ಲ, ಆ ಹಣ್ಣಿನಲ್ಲಿ ಮಿದುಳಿಗೆ ವಿಷವಾಗೋ ಅಂಶ ಇದೆ, ಕಿಡ್ನಿ ಇಲ್ಲದವರಲ್ಲಿ ಅದು ಹೊರಗೆ ಹೋಗಲ್ಲ. ಬಿಕ್ಕಳಿಕೆ ನಿಲ್ಲದೆ ಬರುತ್ತೆ, ಗೊಂದಲ, ಫಿಟ್ಸ್, ಸಾವೂ ಆಗಿದೆ.

ಧಾರವಾಡ ಸದಸ್ಯ: ಎಳನೀರು ಅರ್ಧ ಲೋಟ ನಡೀತದೇನ್ರಿ?

ಡಾಕ್ಟರ್: ಮೇಲೆ ಓದಿ.

ಬಳ್ಳಾರಿ ಸದಸ್ಯ: ಮೇಡಂ, ಕಸಿ ಖರ್ಚು?

ಹಾವೇರಿ ಸದಸ್ಯ: ಪ್ಯಾಕೆಟ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತಿದೆ. ಟೆಲ್ಮಿಸಾರ್ಟನ್ ತಗೊಳ್ತಾರೆ. ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ, ಅಲ್ಲೇ ತೋರಿಸಲಾ?

ಡಾಕ್ಟರ್: ನಾಳೆ ಅಲ್ಲ, ಈಗ. ಡಯಾಲಿಸಿಸ್ ಇರೋ ಆಸ್ಪತ್ರೆಗೇ ಕರ್ಕೊಂಡು ಹೋಗಿ, ಬಾಗಿಲಲ್ಲೇ “ಡಯಾಲಿಸಿಸ್ ರೋಗಿ, ಪೊಟ್ಯಾಸಿಯಂ ಏರಿರಬಹುದು” ಅಂತ ಹೇಳಿ. ಇ.ಸಿ.ಜಿ. ಕೆಟ್ಟಿದ್ದರೆ ಲ್ಯಾಬ್ ರಿಪೋರ್ಟಿಗೆ ಕಾಯದೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡ್ತಾರೆ. ಅದು ಹೃದಯವನ್ನ ಸ್ವಲ್ಪ ಹೊತ್ತು ಕಾಯುತ್ತೆ ಅಷ್ಟೇ. ಇನ್ಸುಲಿನ್, ಗ್ಲೂಕೋಸ್ ಪೊಟ್ಯಾಸಿಯಂ ಅನ್ನ ಜೀವಕೋಶದೊಳಗೆ ತಳ್ಳುತ್ತೆ, ಅದೂ ಕೆಲವು ಗಂಟೆ ಮಾತ್ರ. ಹೊರಗೆ ಹಾಕೋಕೆ ಇವತ್ತೇ ಡಯಾಲಿಸಿಸ್ ಬೇಕಾಗಬಹುದು. ಆ ಉಪ್ಪನ್ನ ಬಿಸಾಕಿ. ಫೋನ್ ಇಟ್ಟು ಹೊರಡಿ.